ಅಕ್ಷತೆ ಬಿದ್ದ ಹುಲ್ಲು

ಲಗ್ನಕ್ಕೆಂದು ಊರಿಗೆಲ್ಲ ಲಾನು ಬಾಡಿಗೆ ಕೊಡುವವರು ತಮ್ಮ ಮಗಳ ಲಗ್ನವನ್ನು ಬೇರೆ ಕಡೆ ಮಾಡಿದರೆ ನೆಂಟರಿಷ್ಟರು ಆಡಿಕೊಳ್ಳದೆ ಬಿಡುತ್ತಾರೆಯೇ? ಶೈಲಶ್ರೀಗೆ ಅದೇ ಚಿಂತೆ. ಮಗಳು ದೀಪಾಲಿಯ ಲಗ್ನ ತುಳಸಿ ಹಬ್ಬ ಕಳೆದ ಮೇಲೆ, ಮಗರಪಟ್ಟಾದ ಆಚೆಗಿನ ತಮ್ಮದೇ ಲಾನಿನಲ್ಲಿ. ಆದರೆ ಲಾನು ನಾರುತ್ತಿತ್ತು. ಜಾಗ ನೋಡಲು ವರನ ಊರಾದ ದೌಂಡದಿಂದ ಬಂದಿದ್ದ ಅವನ ಸೋದರತ್ತೆ ಮೂಗಿಗೆ ಕರ್ಚೀಫು ಒತ್ತಿಕೊಂಡು, "ಇಲ್ಲೆ ಎಲ್ಲರೆ ಗಟಾರ ಅದ ಏನ್ರಿ?" ಎಂದು ಕೇಳಿ ಹೋಗಿದ್ದಳು. ಅಂದಿನಿಂದ ಶೈಲಶ್ರೀಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಹುಲ್ಲು ಹಳದಿಗಟ್ಟಿತ್ತು. ನೀರು ಬಿಟ್ಟರೆ ಇಂಗದೆ ಮೇಲೆಯೇ ನಿಂತು ಸೊಳ್ಳೆ ಸಾಕುತ್ತಿತ್ತು. ವರ್ಷಾನುಗಟ್ಟಲೆ ಉಂಡವರೂ ಕುಣಿದವರೂ ತುಳಿದು ತುಳಿದು ನೆಲ ಹೆಂಚಾಗಿತ್ತು. ತೂತು ಹೊಡೆದು ಬೇರಿಗೆ ಗಾಳಿಯಾಡಿಸಿ, ತೂತಿಗೆ ಉಸುಕು ತುಂಬಿದರೆ ಹುಲ್ಲು ಬದುಕೀತು ಎಂದು ಎಲ್ಲರೂ ಹೇಳಿದ ಮೇಲೆ ಅವಳು ಹುಲ್ಲುಹಾಸಿನ ಕೆಲಸ ಮಾಡುವ ಅಂಬಾದಾಸನನ್ನು ಕರೆಸಿದಳು. ಅವನ ಯಂತ್ರದ ಟೊಳ್ಳು ಮೊಳೆಗಳು ನೆಲಕ್ಕಿಳಿದು, ಬೆರಳಿನಂಥ ಮಣ್ಣಿನ ತುಂಡುಗಳನ್ನು ಕಿತ್ತು ಮೇಲಕ್ಕೆ ಉದುರಿಸುತ್ತಾ ಸಾಗಿದವು. ಹಡಪಸರದ ಬೀದಿನಾಯಿಗಳೆಲ್ಲ ಒಟ್ಟಿಗೆ ಬಂದು ಕೂತೆದ್ದು ಹೋದಂತೆ ಕಾಣುತ್ತಿತ್ತು ಆ ಸಾಲು.

ಮೊದಲ ಸಾಲು ಮುಗಿಯುವ ಮುಂಚೆಯೇ ಅಂಬಾದಾಸ ಯಂತ್ರ ನಿಲ್ಲಿಸಿ, ದೂರ ಹೋಗಿ ಉಗುಳಿ, ಟವಲನ್ನು ಮೂಗಿಗೆ ಕಟ್ಟಿಕೊಂಡು ಬಂದ.

"ಅಕ್ಕಾರ, ಇದರಾಗ ಏನು ಹುಗದೀರಿ?"

ಶೈಲಶ್ರೀ ಒಂದು ತುಂಡನ್ನು ಕಡ್ಡಿಯಿಂದ ಮುರಿದು ನೋಡಿದಳು. ಥೂ. ಮೇಲೆ ಬೇರು, ಕೆಳಗೆ ಮಣ್ಣು, ನಡುವೆ ಬೂದು ಬಣ್ಣದ ಲೋಳೆ. ಲೋಳೆಯೊಳಗೆ ಅರಿಶಿನ ಇನ್ನೂ ಬಿಡದ ಅಕ್ಕಿಕಾಳು. ಕಾಳಿನ ಸುತ್ತ ಮಿಜಿಗುಡುವ ಬಿಳಿ ಹುಳ. ಹಳಸಿದ ಅನ್ನದ ಡಬ್ಬಿಯನ್ನು ವಾರ ಬಿಟ್ಟು ತೆರೆದರೆ ಬರುವಂಥ ನಾತ ಗಂಟಲಿಗಿಳಿಯಿತು.

ಗಟಾರವಲ್ಲ, ಅಕ್ಷತೆ. ಅವಳ ಅತ್ತೆ ಭೀಮವ್ವನ ಕಟ್ಟಪ್ಪಣೆಯೇ ಹಾಗಿತ್ತು. ಅಕ್ಷತೆಗೆ ಕಸಬರಿಗೆ ತಾಗಕೂಡದು, ಕಸದ ಗಾಡಿಗಂತೂ ಬೀಳಲೇಕೂಡದು. ಪೈಪು ಹಿಡಿದು ನೀರು ಬಿಟ್ಟರೆ ಭೂಮಿತಾಯಿ ತಾನೇ ಉಡಿಗೆ ಹಾಕಿಕೊಳ್ಳುತ್ತಾಳಂತೆ. ಒಂದೊಂದು ಲಗ್ನಕ್ಕೆ ನೂರಾರು ಮಂದಿ ಹಿಡಿಹಿಡಿ ಎರಚಿದ್ದನ್ನು, ಸೀಸನ್ನಿಗೆ ಎಷ್ಟೋ ಲಗ್ನಗಳದ್ದನ್ನು, ಪಾಪ, ಆ ತಾಯಿಯಾದರೂ ಎಷ್ಟಂತ ಅರಗಿಸಿಕೊಂಡಾಳು? ಸೊಸೆಯಾಗಿ ಬಂದಾಗಿನಿಂದ ಆ ಪೈಪು ಹಿಡಿದವಳು ಶೈಲಶ್ರೀ. ಮರುಮಾತಾಡಿದವಳಲ್ಲ.

ಯಂತ್ರದ ಸದ್ದು ನಿಂತದ್ದೇ ಭೀಮವ್ವ ಕಟ್ಟೆಯಿಂದೆದ್ದು ಬಂದಳು. ಹಿಂದೆ ಮಗ ಶಿವಪ್ರಕಾಶ, ಅವನ ಹಿಂದೆ ದೀಪಾಲಿ.

"ಅತ್ತಿ, ಇವನ್ನೆಲ್ಲ ಕಸದ ಟ್ರ್ಯಾಕ್ಟರಿಗೆ ತುಂಬಸ್ತೀನ್ರಿ. ಹುಳ ಬಿದ್ದಾವ," ಎಂದಳು ಶೈಲಶ್ರೀ.

"ಹುಳ ಅನಬ್ಯಾಡ. ಅದು ಮಂದಿ ಆಶೀರ್ವಾದ ಅದ," ಎಂದಳು ಭೀಮವ್ವ. "ಇದ್ದಲ್ಲೇ ತೂತಿನಾಗ ತುರುಕಿ ಮ್ಯಾಲ ಉಸುಕು ಹಾಕಸು."

ಶೈಲಶ್ರೀ ಗಂಡನ ಮುಖ ನೋಡಿದಳು. ವ್ಯಾಪಾರಿಗಳ ಸಭೆಯಲ್ಲಿ ಮೇಜು ಕುಟ್ಟಿ ಮಾತಾಡುವ ಗಂಡಸು ಅವ್ವನ ಮುಂದೆ ಕೋಲೆಬಸವ.

"ಅವ್ವ ಹೇಳಿದಂಗ ಮಾಡ. ಲಗ್ನದ ದಿನ ಚಲೋದೊಂದು ಸೆಂಟ್ ಹೊಡಸೂಣು. ಯಾರಿಗಿ ಗೊತ್ತಾಗ್ತದ?"

ಹುಳ ನೋಡಿದಾಗ ಬರದಷ್ಟು ಹೇಸಿಗೆ ಈ ಮಾತು ಕೇಳಿ ಬಂತು ಅವಳಿಗೆ. ಇಂಥವನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿ ಎದ್ದೆನಲ್ಲಾ ಎನಿಸಿ ಮೈಯೆಲ್ಲ ತೊಳೆದುಕೊಳ್ಳಬೇಕೆನಿಸಿತು.

ಭೀಮವ್ವ ಬಾಗಿ ಒಂದು ತುಂಡನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಲೋಳೆ ಹುಬ್ಬಿಗೆ ಅಂಟಿತು, ಒರೆಸಿಕೊಳ್ಳಲಿಲ್ಲ. ಅದನ್ನೇ ಮಗನ ಕೈಗೆ ಕೊಟ್ಟಳು. ಶಿವಪ್ರಕಾಶ ಉಸಿರು ಬಿಗಿಹಿಡಿದು ತಾನೂ ಕಣ್ಣಿಗೊತ್ತಿಕೊಂಡ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹುಳವೊಂದು ಬಿತ್ತು. ಅವನು ಏನೂ ಆಗದವನಂತೆ ಅದನ್ನು ಬೆರಳಿನಿಂದ ಚಿಮ್ಮಿದ.

"ಬಾರವ್ವ ದೀಪಾ," ಎಂದಳು ಭೀಮವ್ವ. "ಇನ್ನೇನು ಹಸಿಮಣಿ ಏರಾಕಿ, ನೀನೂ ತಗೋ."

ದೀಪಾಲಿ ಆ ತುಂಡನ್ನು ನೋಡಿದಳು. ಓಕರಿಕೆ ಬಂತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಆಮೇಲೆ ಮುಖಕ್ಕೊಂದು ನಗೆ ತಂದುಕೊಂಡು, ಓಢಣಿಯನ್ನು ತಲೆಗೆಳೆದು, ಎರಡೂ ಅಂಗೈ ಮುಂದೆ ಚಾಚಿದಳು.

ಆ ನಗೆಯನ್ನು ಶೈಲಶ್ರೀ ಬಲ್ಲಳು. ಅದು ತನ್ನದೇ. ಪೈಪು ಹಿಡಿದು ನಿಂತಾಗ ತನ್ನ ಮುಖದ ಮೇಲೆ ಇರುತ್ತಿದ್ದದ್ದು ಅದೇ ನಗೆ, ಹುಡುಗಿ ನೋಡಿ ನೋಡಿ ಕಲಿತಿದ್ದಾಳೆ. ಇದೇ ನಗೆ ಹೊತ್ತು ದೌಂಡಕ್ಕೂ ಹೋಗುತ್ತಾಳೆ, ಅಲ್ಲಿ ಯಾರು ಏನು ಕೊಟ್ಟರೂ ಕಣ್ಣಿಗೊತ್ತಿಕೊಳ್ಳುತ್ತಾಳೆ.

ಶೈಲಶ್ರೀ ಗಂಡನ ಕೈಯಿಂದ ತುಂಡನ್ನು ಕಿತ್ತುಕೊಂಡು ಪಕ್ಕದಲ್ಲಿ ನಿಂತಿದ್ದ ಕಸದ ಟ್ರ್ಯಾಕ್ಟರಿಗೆ ಎಸೆದಳು.

"ಅಕ್ಷತಾ ಒಗದಿ," ಎಂದಳು ಭೀಮವ್ವ. "ಇನ್ನ ಈ ಲಗ್ನ ಇಲ್ಲೆ ಆಗಂಗಿಲ್ಲ."

"ಬ್ಯಾಡ ಬಿಡ್ರಿ ಅತ್ತಿ. ಮಂದಿ ಏನರೆ ಅನ್ನಲಿ." ಶೈಲಶ್ರೀ ಮಗಳ ಕಡೆ ತಿರುಗಿದಳು. "ನಿನಗ ವಾಂತಿ ಬರ್ಲಿಕ್ಕತ್ತಿತ್ತು, ಹೌದಲ್ಲ?"

ದೀಪಾಲಿ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮುಖದ ಮೇಲೆ ನಗೆ ಇನ್ನೂ ಹಾಗೇ ಇತ್ತು.

"ಯಾರ ಮಾರಿನೂ ನೋಡಬ್ಯಾಡ. ನನಗ ಹೇಳು."

"ಹೌದು ಮಮ್ಮಿ," ಎಂದವಳೇ ಹುಡುಗಿ ಕಂಪೌಂಡಿನ ಗೋಡೆಗೆ ಓಡಿ ಬಗ್ಗಿದಳು. ಶೈಲಶ್ರೀ ಹಿಂದೆಯೇ ಹೋಗಿ ಅವಳ ಹಣೆ ಹಿಡಿದುಕೊಂಡಳು.

"ತಡಿಬ್ಯಾಡವ್ವ," ಎಂದಳು. "ಪೂರಾ ಹೋಗಲಿ."