ಹಂಪಕ್ಕನ ಓದು, ಹುಸೇನಪ್ಪನ ಕಿವಿ

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂವತ್ತೆಂಟು ವರ್ಷ ದುಡಿದ ಹುಸೇನಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ವಿಚಿತ್ರ ತೊಂದರೆಯೊಂದು ಶುರುವಾಯಿತು. ಪಕ್ಕದ ಓಣಿಯ ನಾಯಿ ಬೊಗಳುವುದು ಕೇಳುತ್ತಿತ್ತು, ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ನಾಲ್ಕು ಜನ ಸೇರಿ ಮಾತಾಡಿದರೆ ಮಾತ್ರ ಎಲ್ಲ ಕಲಸಿಹೋಗುತ್ತಿತ್ತು.

ಮೊಮ್ಮಗಳು ಪಲ್ಲವಿಯನ್ನು ನೋಡಲು ಸಂಡೂರಿನಿಂದ ಹುಡುಗನ ಕಡೆಯವರು ಬಂದ ದಿನ ಅದು ಎಲ್ಲರೆದುರು ಬಯಲಾಯಿತು.

"ಹೊಲ ಎಷ್ಟೈತ್ರಿ?" ಎಂದರು ಹುಡುಗನ ತಂದೆ.

ಹುಸೇನಪ್ಪನಿಗೆ ಅದು ಹಲ್ಲು ಎಂದು ಕೇಳಿಸಿತು. "ಐದ ಉಳದಾವ್ರಿ, ಉಳಿದವೆಲ್ಲ ಬಿದ್ದೋದ್ವು" ಎಂದ.

ಎಲ್ಲರೂ ನಕ್ಕರು, ಅವನೂ ನಕ್ಕ. ಸಂಬಂಧವೇನೋ ಕೂಡಿಬಂತು. ಆದರೆ ಮರುದಿನದಿಂದ ಅವನು ಓಬಳಪ್ಪನ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟ. ಕೊನೆಗಾಲದಲ್ಲಿ ಮಕ್ಕಳ ಗುರುತೂ ಹತ್ತದೆ ಹೋದ ಅಣ್ಣನ ನೆನಪು ಅವನನ್ನು ಕಾಡುತ್ತಿತ್ತು. ತನಗೂ ತಲೆ ಕೆಡುತ್ತಿದೆಯೇನೋ ಎಂಬ ಅಂಜಿಕೆ.

ಸೊಸೆ ಸುಮಲತಾ ಅವನನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದಳು. ಮೊದಲು ಡಾಕ್ಟರು ಅವನ ನೆನಪಿನ ಶಕ್ತಿ ಪರೀಕ್ಷಿಸಿದರು. ಆಮೇಲೆ ಕಿವಿ ಪರೀಕ್ಷೆ ಮಾಡುವ ಶೈಲಶ್ರೀ ಬಿಡಿ ಬಿಡಿ ಪದ ಕೇಳಿಸಿದಾಗ ಹುಸೇನಪ್ಪ ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಹೇಳಿದ. ಸಂತೆಯ ಗದ್ದಲ ಬೆರೆಸಿ ಕೇಳಿಸಿದಾಗ ಅರ್ಧಕ್ಕರ್ಧ ತಪ್ಪಿದ.

"ಅಜ್ಜಾರ, ಕಿವಿ ಸ್ವಲ್ಪ ಮಂದ ಆಗೈತಿ. ಆದ್ರ ಕೇಳೋದು ಬರೀ ಕಿವಿ ಕೆಲ್ಸ ಅಲ್ರಿ. ಗದ್ದಲದಾಗಿಂದ ಮಾತು ಆರಿಸಿ ತಗಿಯೋದು ಮಿದುಳು. ವಯಸ್ಸಾದಂಗ ಅದು ನಿಧಾನ ಆಗ್ತೈತಿ."

"ಹಂಗಾರ ನನಗ ಮರವಿನ ರೋಗ ಅಲ್ಲೇನ್ರಿ?"

"ಅದನ್ನೂ ಡಾಕ್ಟರು ನೋಡ್ಯಾರಲ್ರಿ, ಅಂಥಾದ್ದೇನಿಲ್ಲ. ಕಿವಿಗೆ ಮಷಿನ್ ಹಾಕ್ಕೋರಿ. ಆದ್ರ ದಿನಾ ಕೇಳೋ ಅಭ್ಯಾಸಾನೂ ಮಾಡ್ಬೇಕು."

ಹುಸೇನಪ್ಪ ದೊಡ್ಡದೊಂದು ಉಸಿರುಬಿಟ್ಟ.

ಮೊದಲ ವಾರ ಮಷಿನ್ ಹಾಕಿದರೆ ತಟ್ಟೆ ಇಟ್ಟ ಸದ್ದೂ ಗಿರಣಿಯಷ್ಟು ಜೋರು. "ನನಗಿದು ಬ್ಯಾಡ" ಎಂದು ತೆಗೆದಿಟ್ಟುಬಿಟ್ಟ. ಆಗ ಹೆಂಡತಿ ಹಂಪಕ್ಕ ಪೇಪರು ಹಿಡಿದು ಎದುರು ಕೂತಳು. ಐವತ್ತರ ಮೇಲೆ ಅಕ್ಷರ ಕಲಿತವಳು, ಒಂದೊಂದೇ ಅಕ್ಷರ ಕೂಡಿಸಿ ಓದುವವಳು.

"ನಾ ನಿಧಾನ ಓದ್ತೀನಿ, ನೀವು ನಿಧಾನ ಕೇಳ್ರಿ. ಯಾರಿಗೇನು ಅವಸರ?"

ಹುಸೇನಪ್ಪ ಮಷಿನ್ ಮತ್ತೆ ಹಾಕಿಕೊಂಡ. ದಿನಾ ಅವಳು ಓದಿದ್ದನ್ನು ಅವನು ತಿರುಗಿ ಹೇಳಬೇಕು. ತಿಂಗಳಾದ ಮೇಲೆ ಟಿ.ವಿ. ಹಾಕಿಟ್ಟು, ಆ ಗದ್ದಲದಲ್ಲೇ ಓದತೊಡಗಿದಳು. ಒಂದು ಬೆಳಿಗ್ಗೆ "ಕಾಲುವೆಗೆ ನೀರು ಬಿ... ಬೀಡು" ಎಂದು ತಡವರಿಸಿದಳು.

"ಬೀಡು ಅಲ್ಲಲೇ, ಬಿಡುಗಡೆ!" ಎಂದ ಹುಸೇನಪ್ಪ.

ಹಂಪಕ್ಕ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. "ಹೌದಲ್ರೀ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಂದು ಸಂಜೆ ಅವನು ಚಹಾದಂಗಡಿಗೆ ಹೋದ. ಅರ್ಧ ಮಾತು ತಿಳಿಯಿತು, ಅರ್ಧ ತಪ್ಪಿತು. ತಪ್ಪಿದಾಗೆಲ್ಲ ನಾಚಿಕೆಯಿಲ್ಲದೆ, "ಇನ್ನೊಮ್ಮೆ ಹೇಳಪ್ಪಾ, ಒಬ್ಬೊಬ್ಬರೇ ಮಾತಾಡ್ರಿ" ಎಂದ. ಅವರೂ ಹಾಗೆಯೇ ಮಾತಾಡಿದರು.