ಹುಲ್ಲು ಚುಚ್ಚಿದ್ದಲ್ಲ

ಕತ್ತರಿ ಮಾಡುವ ಆ ಬೀದಿಯಲ್ಲಿ ಬೆಳಗಾಗುವುದೇ ಅರದ ಸದ್ದಿನಿಂದ. ಪ್ರತಿ ಮನೆಯ ಮುಂದಿನ ಕೋಣೆಯಲ್ಲೂ ಒಂದು ಮೇಜು, ಮೇಜಿಗೆ ಬಿಗಿದ ಇಕ್ಕಳ, ಇಕ್ಕಳದ ಬಾಯಲ್ಲಿ ಒಂದು ಅಲಗು. ಹೆಂಗಸರು ಅರ ಹಿಡಿದು ಅಲಗಿನ ಅಂಚು ಉಜ್ಜುತ್ತಾರೆ. ಗಂಡಸರು ಬೀದಿಯ ಕೊನೆಯ ಶೆಡ್ಡಿನಲ್ಲಿ ಅದನ್ನು ಸಾಣೆ ಹಿಡಿಯುತ್ತಾರೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಕಬ್ಬಿಣದ ಹುಡಿ ಹೊಳೆಯುತ್ತ ತೇಲುತ್ತಿರುತ್ತದೆ. ಹೀಗಾಗಿ ಅಲ್ಲಿ ಕಣ್ಣಿಗೆ ಕಸ ಬೀಳುವುದು ಬೇರೆ ಕಡೆ ನೆಗಡಿ ಬಂದಷ್ಟೇ ಮಾಮೂಲು. ಬಿದ್ದ ಕೂಡಲೇ ಎಲ್ಲರೂ ಓಡುತ್ತಿದ್ದದ್ದು ಒಂದೇ ಬಾಗಿಲಿಗೆ, ಕಣ್ಣಜ್ಜಿಯ ಬಾಗಿಲಿಗೆ.

ಕಣ್ಣಜ್ಜಿ ಎಂಬುದು ಬೀದಿಯೇ ಇಟ್ಟ ಹೆಸರು. ಬಂದವರನ್ನು ಅವಳು ನೆಲದ ಮೇಲೆ ಕೂರಿಸಿ, ತಲೆಯನ್ನು ತನ್ನ ಮಡಿಲಿಗೆ ಒರಗಿಸಿಕೊಳ್ಳುವಳು. ಎರಡು ಸಲ ಬಾಯಿ ಮುಕ್ಕಳಿಸುವಳು. ಹೆಬ್ಬೆರಳಿನಿಂದ ರೆಪ್ಪೆಯನ್ನು ಮಗುಚಿ, ನಾಲಿಗೆಯ ತುದಿಯನ್ನು ಕಣ್ಣಿನ ಮೇಲೆ ಒಮ್ಮೆ ಆಡಿಸುವಳು. ಆಮೇಲೆ ಅಂಗೈಗೆ ಉಗುಳಿ, ಸಾಸಿವೆಗಿಂತ ಸಣ್ಣ ಕರಿಚುಕ್ಕೆಯನ್ನು ಬೆರಳಿಗೆ ಹತ್ತಿಸಿ, "ತಗೋ, ಇವನೇ ಕಳ್ಳ" ಎನ್ನುವಳು. ನಲವತ್ತು ವರ್ಷದಲ್ಲಿ ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಅವಳ ಕಣ್ಣಿಗೇ ಈಚೆಗೆ ಪೊರೆ ಬಂದು ಎದುರಿನವರ ಮುಖ ಮಂಜುಮಂಜಾಗಿತ್ತು. ಆದರೂ ಅವಳ ಕೆಲಸ ನಿಂತಿರಲಿಲ್ಲ. "ನನ್ನ ನಾಲಿಗೆಗೆ ಇನ್ನೂ ಪೊರೆ ಬಂದಿಲ್ಲ" ಎಂದು ನಗುತ್ತಿದ್ದಳು. ಈ ವಿದ್ಯೆಯನ್ನು ಹಿಂದಿನ ಓಣಿಯಲ್ಲಿದ್ದ ತನ್ನ ತಂಗಿಗೂ ಕಲಿಸಿದ್ದಳು.

ಇದಕ್ಕೊಂದು ಕಟ್ಟಳೆಯೂ ಇತ್ತು. ಕಸ ತೆಗೆದವರ ಹೆಸರನ್ನು ಹೊರಗಿನವರ ಮುಂದೆ ಎತ್ತಬಾರದು. ಎತ್ತಿದರೆ ಅವರ ನಾಲಿಗೆಯ ಗುಣ ಹೋಗಿಬಿಡುತ್ತದೆ. ಬೀದಿಯ ಜನ ಇದನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದರು.

ಸೋಮವಾರ ಮಧ್ಯಾಹ್ನ ಅಲಗು ಉಜ್ಜುತ್ತಿದ್ದ ಕಣ್ಣಜ್ಜಿಯ ಸೊಸೆ "ಸ್ಸ್" ಎಂದು ಅರವನ್ನು ಕೆಳಗೆ ಹಾಕಿದಳು. ಬಲಗಣ್ಣು. ಅತ್ತೆ ಅಲ್ಲೇ ಇದ್ದಳು, ಒಂದು ನಿಮಿಷದಲ್ಲಿ ಕಳ್ಳ ಅಂಗೈಗೆ ಬಂದ. ಸಂಜೆಯವರೆಗೆ ಸೊಸೆ ಹಾಯಾಗಿದ್ದಳು. ಮಂಗಳವಾರ ಕಣ್ಣು ಕೆಂಪಗಾಯಿತು. "ಒಳಗಿನ ಉಷ್ಣ ಹೊರಗೆ ಬರ್ತಿದೆ, ಒಳ್ಳೇದೇ ಬಿಡು" ಎಂದ ಅತ್ತೆ ಇನ್ನೊಮ್ಮೆ ನಾಲಿಗೆ ಆಡಿಸಿದಳು. ಈ ಸಲ ಏನೂ ಸಿಗಲಿಲ್ಲ. ಬುಧವಾರ ರೆಪ್ಪೆ ಊದಿ, ಕಿಟಕಿಯ ಬೆಳಕೂ ಚುಚ್ಚುವಂತಾಗಿ, ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅತ್ತೆ ಮೂರನೆಯ ಸಲ ನಾಲಿಗೆ ಆಡಿಸಿದಳು. ನೀರಿನ ಜೊತೆ ಬೇರೇನೋ ಅಂಟಂಟಾಗಿ ತಗುಲಿತು. ಆ ರುಚಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಗುರುವಾರ ಶಾಲೆಯಲ್ಲಿ ಉಚಿತ ಕಣ್ಣಿನ ಶಿಬಿರವಿತ್ತು. ದೂರದ ಊರಿನ ಧರ್ಮಾರ್ಥ ಆಸ್ಪತ್ರೆಯವರು ವ್ಯಾನಿನಲ್ಲಿ ಬಂದು, ನೋಡಿ, ಆಪರೇಷನ್ ಬೇಕಾದವರನ್ನು ಕರೆದುಕೊಂಡು ಹೋಗಿ, ಮಾಡಿಸಿ, ಮನೆಗೆ ತಂದು ಬಿಡುತ್ತಾರಂತೆ. ಅತ್ತೆಯ ಪೊರೆ ತೆಗೆಸಬೇಕೆಂದು ತಿಂಗಳ ಹಿಂದೆಯೇ ಹೆಸರು ಬರೆಸಿ ಬಂದವಳು ಸೊಸೆಯೇ.

"ಪುಕ್ಕಟೆ ಕೊಡೋ ಮದ್ದು ಮದ್ದಾ? ಏನೋ ಮಸಲತ್ತು ಇರುತ್ತೆ" ಎಂದು ಅತ್ತೆ ಗೊಣಗಿದಳು.

"ನೀವೂ ಪುಕ್ಕಟೆನೇ ಅಲ್ವಾ ಅತ್ತೆ ಮಾಡೋದು?" ಎಂದಳು ಸೊಸೆ, ಕರ್ಚೀಫನ್ನು ಕಣ್ಣಿಗೆ ಒತ್ತಿಕೊಂಡೇ.

"ಮಾತಿಗೇನೂ ಕಮ್ಮಿ ಇಲ್ಲ ನಿಂಗೆ. ಬಾ, ನಿನ್ನ ಕಣ್ಣನ್ನೂ ತೋರಿಸೋಣ."

ಬೂಟಿನ ದಾರ ಕಟ್ಟುತ್ತಿದ್ದ ಮಗ ತಲೆ ಎತ್ತಿದ. ಸಾಣೆ ಹಿಡಿಯುವ ಕೆಲಸ ಅವನದು. ಅವನ ಎಡಗಣ್ಣು ಎಷ್ಟೋ ವರ್ಷದಿಂದ ಮಂಜು. ಸಾಣೆಯವರಿಗೆ ಒಂದು ಕಣ್ಣು ಹೋಗುವುದು ಇದ್ದದ್ದೇ ಎಂದು ಬೀದಿಯೂ ಅವನೂ ಒಪ್ಪಿಕೊಂಡಾಗಿತ್ತು.

"ತೋರಿಸು, ಬೇಡ ಅನ್ನಲ್ಲ" ಎಂದ ಹೆಂಡತಿಗೆ. "ಆದ್ರೆ ಅಮ್ಮನ ಹೆಸರು ಎತ್ತಬೇಡ. ಓದಿದೋರು ಅವರು, ನಾಲ್ಕು ಜನದ ಮುಂದೆ ಏನಾದ್ರೂ ಅಂದುಬಿಡ್ತಾರೆ. ಹಿತ್ತಲಲ್ಲಿ ಹುಲ್ಲು ಚುಚ್ಚಿತು ಅನ್ನು. ಮುಗೀತು."

ಸೊಸೆ ಹೂಂ ಎಂದಳು. ಅತ್ತೆಗೆ ಒಳಗೊಳಗೇ ಹೆಮ್ಮೆಯಾಯಿತು.

ಶಾಲೆಯ ಹಜಾರದಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ಸಾಲು ಮಾಡಿದ್ದರು. ಒಂದು ತುದಿಯಲ್ಲಿ ಚೀಟಿ ಬರೆಯುವ ಹುಡುಗಿ, ಇನ್ನೊಂದು ತುದಿಯಲ್ಲಿ ಅರ್ಧ ಎಳೆದ ಪರದೆಯ ಆಚೆ ಡಾಕ್ಟರಮ್ಮ. ಅಜ್ಜಿಗೆ ಮುಖಗಳು ಕಾಣುತ್ತಿರಲಿಲ್ಲ, ದನಿಗಳು ಮಾತ್ರ ಚೆನ್ನಾಗಿ ಕೇಳುತ್ತಿದ್ದವು. ತನ್ನ ಸರದಿಗೆ ಕಾಯುತ್ತ, ಪರದೆಯ ಆಚೆಯ ಮಾತಿಗೆ ಕಿವಿ ಕೊಟ್ಟು ಕೂತಳು.

"ಈ ಕಣ್ಣಲ್ಲಿ ಬಿಳಿ ಕಲೆ ಇದೆಯಲ್ಲ, ಹೇಗಾಯ್ತು?"

"ಚಿಕ್ಕೋನಿದ್ದಾಗ ಚೆಂಡು ಬಡೀತು ಮೇಡಂ."

ತಮ್ಮ ಬೀದಿಯ ಬೆಸುಗೆಯವನ ದನಿ. ಚೆಂಡೂ ಇಲ್ಲ, ಚಿಕ್ಕವನೂ ಅಲ್ಲ. ನಾಲ್ಕು ವರ್ಷದ ಹಿಂದೆ ತನ್ನ ಮಡಿಲಲ್ಲಿ ತಲೆಯಿಟ್ಟಿದ್ದ. ಆಮೇಲೆ ವಾಸಿಯಾಯಿತೇ ಎಂದು ಕೇಳಿದ್ದಕ್ಕೆ, "ನಿಮ್ಮ ಗುಣ ಅಜ್ಜಿ, ಆಗದೇ ಇರುತ್ತಾ?" ಎಂದಿದ್ದ.

"ನಿಮಗೆ?"

"ಹುಟ್ಟಿದಾಗಿಂದ ಹಂಗೇ ತಾಯಿ." ಚಹಾದಂಗಡಿಯವಳು. ಅವಳ ಎಡಗಣ್ಣು. ಹೋದ ವರ್ಷ.

ಹೀಗೇ ಇನ್ನೊಬ್ಬರು, ಮತ್ತೊಬ್ಬರು. ಒಬ್ಬನಿಗೆ ಬಾಗಿಲು ಬಡಿದಿತ್ತು, ಒಬ್ಬಳಿಗೆ ಸಿಡುಬು ಆಗಿತ್ತು. ಒಂದೊಂದು ಸುಳ್ಳಿಗೂ ಅಜ್ಜಿಗೆ ಒಂದೊಂದು ರೆಪ್ಪೆ ನೆನಪಾಯಿತು. ಮೊದಲೆರಡಕ್ಕೆ, ಎಷ್ಟು ಒಳ್ಳೆಯ ಜನ, ನನ್ನ ಮರ್ಯಾದೆ ಕಾಯುತ್ತಿದ್ದಾರೆ ಅನ್ನಿಸಿತ್ತು. ಐದನೆಯದರ ಹೊತ್ತಿಗೆ ಅವಳ ಬೆರಳುಗಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ಡಾಕ್ಟರಮ್ಮ ಹುಡುಗಿಗೆ ಹೇಳಿದ್ದು ಕೇಳಿಸಿತು. "ಬರ್ಕೋ, ಏಳನೇದು. ಒಂದೇ ಬೀದಿ, ಒಂದೇ ತರದ ಕಲೆ. ಕಬ್ಬಿಣದ ಕೆಲಸ ಬೇರೆ ಕಡೆನೂ ಇದೆ, ಇಷ್ಟು ಎಲ್ಲೂ ನೋಡಿಲ್ಲ ನಾನು. ಇಲ್ಲಿ ಇನ್ನೇನೋ ನಡೀತಿದೆ, ಯಾರೂ ಹೇಳ್ತಿಲ್ಲ."

ಆಮೇಲೆ ಸೊಸೆಯನ್ನು ಕರೆದರು. ಅವಳ ತೋಳು ಹಿಡಿದು ಅಜ್ಜಿಯೂ ಒಳಗೆ ಹೋದಳು. ಡಾಕ್ಟರಮ್ಮ ನೀಲಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು.

"ಹುಣ್ಣಾಗಿದೆಯಮ್ಮ. ಕಪ್ಪುಗುಡ್ಡೆಯ ಮೇಲೇ. ಏನು ಬಿತ್ತು?"

"ಹುಲ್ಲು ಚುಚ್ಚಿತು. ಹಿತ್ತಲಲ್ಲಿ."

"ನಿಜವಾಗ್ಲೂ ಹುಲ್ಲೇನಾ? ಯಾಕೆ ಕೇಳ್ತೀನಿ ಅಂದ್ರೆ, ಹುಲ್ಲು, ಎಲೆ ಚುಚ್ಚಿದ್ರೆ ಬೂಷ್ಟು ಬೆಳೆಯೋದು ಜಾಸ್ತಿ. ಅದಕ್ಕೆ ಒಂದು ಔಷಧಿ. ಬೇರೆ ಏನಾದ್ರೂ ತಗುಲಿದ್ರೆ ಬೇರೆ ಔಷಧಿ. ಆಸ್ಪತ್ರೆಲಿ ಹುಣ್ಣನ್ನ ಕೆರೆದು ಪರೀಕ್ಷೆಗೆ ಹಾಕ್ತೀವಿ, ಸರಿಯಾಗಿ ಗೊತ್ತಾಗೋಕೆ ಎರಡು ದಿನ ಬೇಕು. ಅಲ್ಲಿವರೆಗೆ ನೀವು ಹೇಳಿದ್ದನ್ನ ನಂಬಿಯೇ ಹನಿ ಹಾಕಬೇಕು."

"ಹುಲ್ಲೇ" ಎಂದಳು ಸೊಸೆ. ದನಿ ಸಣ್ಣಗಾಗಿತ್ತು.

ಅಜ್ಜಿ ಕೇಳಿದಳು. "ಹುಲ್ಲಲ್ಲದೇ ಇದ್ರೆ?"

"ಇಲ್ಲದ ಬೂಷ್ಟಿಗೆ ಮದ್ದು ಹಾಕ್ತಾ ಕೂತಿರ್ತೀವಿ ಅಜ್ಜಿ. ಈ ಕಣ್ಣಿಗೆ ಅಷ್ಟು ಪುರುಸೊತ್ತಿಲ್ಲ. ಎರಡು ದಿನದಲ್ಲಿ ತೂತು ಬಿದ್ದರೂ ಬೀಳಬಹುದು."

ಸೊಸೆಯ ಕೈ ಅತ್ತೆಯ ಕೈಯನ್ನು ಒತ್ತಿತು. ಸುಮ್ಮನಿರಿ ಎಂಬಂತೆ. ತನ್ನ ಒಂದು ಕಣ್ಣಿಗಿಂತ ಅತ್ತೆಯ ಹೆಸರೇ ದೊಡ್ಡದೆಂದು ಆ ಹೆಣ್ಣುಮಗಳು ತೀರ್ಮಾನಿಸಿಬಿಟ್ಟಿದ್ದಳು. ಹೀಗೆಯೇ ಏಳು ಜನ ತೀರ್ಮಾನಿಸಿದ್ದರು.

ಅಜ್ಜಿ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಹುಲ್ಲು ಚುಚ್ಚಿದ್ದಲ್ಲ. ಕಬ್ಬಿಣದ ಚೂರು ಬಿದ್ದಿತ್ತು. ನಾನು ನಾಲಿಗೆಯಿಂದ ತೆಗೆದೆ. ಮೂರು ಸಲ ನಾಲಿಗೆ ಹಾಕಿದೀನಿ, ಕೊನೇದು ನಿನ್ನೆ." ಉಸಿರು ಎಳೆದುಕೊಂಡು ಮುಂದುವರಿಸಿದಳು. "ಹೊರಗೆ ಕೂತಿರೋ ಆ ಏಳು ಜನದ್ದೂ ನಾನೇ. ಚೆಂಡೂ ಇಲ್ಲ, ಸಿಡುಬೂ ಇಲ್ಲ."

ಪರದೆಯ ಆಚೆಯಿಂದ ಬೆಸುಗೆಯವನು, "ಅಯ್ಯೋ ಅಜ್ಜಿ, ಯಾಕೆ ಹೇಳಿದಿರಿ! ಗುಣ ಹೋಯ್ತಲ್ಲ!" ಎಂದ.

"ಹೋಗಲಿ ಬಿಡೋ" ಎಂದಳು ಅಜ್ಜಿ.

ಡಾಕ್ಟರಮ್ಮ ಬೈಯಲಿಲ್ಲ. ಕೂಡಲೇ ಒಂದು ಚೀಟಿ ಹರಿದು ಇನ್ನೊಂದು ಬರೆದರು, ಸೊಸೆಯ ಕಣ್ಣಿಗೆ ಅಲ್ಲೇ ಮೊದಲ ಹನಿ ಹಾಕಿದರು, ವ್ಯಾನಿನವನಿಗೆ ಈಗಲೇ ಹೊರಡಬೇಕೆಂದು ಹೇಳಿ ಕಳಿಸಿದರು. ವ್ಯಾನು ಬಾಗಿಲಿಗೆ ಬರುವವರೆಗಿನ ಆ ಹತ್ತು ನಿಮಿಷದಲ್ಲಿ ಅಜ್ಜಿ ವಾದಕ್ಕೆ ನಿಂತಳು. ನಲವತ್ತು ವರ್ಷದ ಕೆಲಸ, ಒಂದೇ ಮಾತಿಗೆ ಹೇಗೆ ಬಿಟ್ಟಾಳು?

"ಹಸು ಕರುನ ನೆಕ್ಕಲ್ವಾ ತಾಯಿ? ಬೆರಳು ಕುಯ್ದರೆ ನಾವು ಬಾಯಿಗೆ ಇಡಲ್ವಾ?"

"ಬೆರಳಲ್ಲಿ ರಕ್ತ ಓಡುತ್ತೆ ಅಜ್ಜಿ. ಹೊಲಸು ಹೊಕ್ಕರೆ ಅದನ್ನ ಓಡಿಸೋಕೆ ರಕ್ತವೇ ಪಡೆ ಕರ್ಕೊಂಡು ಬರುತ್ತೆ. ಕಣ್ಣಿನ ಮುಂಭಾಗ ಗಾಜಿದ್ದ ಹಾಗೆ. ಅಲ್ಲಿ ರಕ್ತ ಹರಿಯೋದೇ ಇಲ್ಲ, ಹರಿದ್ರೆ ಬೆಳಕು ಒಳಗೆ ಹೋಗೋದು ಹೇಗೆ? ಬಾಯಲ್ಲಿ ಲಕ್ಷಾಂತರ ಸೂಕ್ಷ್ಮಜೀವಿಗಳಿವೆ, ನಿಮ್ಮ ಬಾಯಲ್ಲೂ, ನನ್ನ ಬಾಯಲ್ಲೂ. ಬಾಯಲ್ಲಿದ್ದಷ್ಟು ಹೊತ್ತು ಸಾಧು. ಚೂರು ಗೀರಿದ ಆ ಗಾಜಿಗೆ ಇಳಿದ್ರೆ ಕೇಳೋರಿಲ್ಲ."

"ನಾನು ಮುಕ್ಕಳಿಸ್ತಿದ್ದೆ."

"ಮುಕ್ಕಳಿಸಿದ್ರೆ ಹೋಗಲ್ಲ ಅವು."

"ನೂರಾರು ಜನಕ್ಕೆ ವಾಸಿಯಾಯ್ತಲ್ಲ?"

ಡಾಕ್ಟರಮ್ಮ ಹೇಳಿದರು. "ಆಗಿರುತ್ತೆ. ಚೂರು ಮೇಲೆ ಮೇಲೆ ಇದ್ರೆ ನೀರು ಹಾಯಿಸಿದ್ರೂ ಹೋಗ್ತಿತ್ತು. ಅಂಥೋರೆಲ್ಲ ಬಂದು ನಿಮ್ಮನ್ನ ಹೊಗಳಿದ್ರು. ಕಣ್ಣು ಕೆಟ್ಟೋರು ಬಂದು ಹೇಳಲಿಲ್ಲ, ನಿಮ್ಮ ಮೇಲಿನ ಪ್ರೀತಿಗೆ. ನಿಮ್ಮ ಲೆಕ್ಕದಲ್ಲಿ ಒಂದೇ ಕಡೆ ತುಂಬ್ತಾ ಹೋಯ್ತು ಅಜ್ಜಿ. ನಿಮಗೆ ಗೊತ್ತಾಗೋದಾದ್ರೂ ಹೇಗೆ?"

ಡಾಕ್ಟರಮ್ಮ ಬೈದಿದ್ದರೆ ಬೈಗುಳಕ್ಕೆ ಬೈಗುಳ ಕೊಟ್ಟು ಅಜ್ಜಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅತ್ತೆ ಸೊಸೆ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋದರು.

ಸೊಸೆಗೆ ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ. ಮೂರನೆಯ ದಿನ ಪರೀಕ್ಷೆಯ ಫಲ ಬಂತು. ಬೂಷ್ಟಲ್ಲ, ಬಾಯಲ್ಲಿ ಇರುವಂಥ ಜೀವಿಯೇ. ಐದನೆಯ ದಿನ ನೋವು ಇಳಿಯಿತು. ಹದಿನಾರನೆಯ ದಿನ ಮನೆಗೆ ಕಳಿಸುವಾಗ ಆ ಕಣ್ಣಿನಲ್ಲಿ ತೆಳ್ಳನೆಯ ಮಸುಕೊಂದು ಉಳಿದಿತ್ತು. ಅಲಗಿನ ಅಂಚು ಕಾಣುತ್ತದೆ, ಸೂಜಿಗೆ ದಾರ ಪೋಣಿಸುವುದು ಕಷ್ಟ. ಕಣ್ಣು ಉಳಿದದ್ದೇ ಹೆಚ್ಚು ಎಂದರು.

ಅಜ್ಜಿಯ ಪೊರೆಯನ್ನೂ ಅಲ್ಲೇ ತೆಗೆದರು. ಮನೆಗೆ ಬಂದ ದಿನ ಬಾಗಿಲು ತೆಗೆದವನು ಮಗ. ಬೀದಿಯ ಮಾತು ಕೇಳಿ ಕೇಳಿ ಸಿಟ್ಟಿನಲ್ಲಿದ್ದ.

"ಇಡೀ ಬೀದಿ ಮುಂದೆ ಹಂಗೆ ಹೇಳ್ಕೋಬೇಕಿತ್ತಾ ಅಮ್ಮ? ಯಾರಾದ್ರೂ ಕೇಳಿದ್ರಾ ನಿನ್ನ?"

ಅಜ್ಜಿ ಕಪ್ಪು ಕನ್ನಡಕ ತೆಗೆದು ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಮಗನ ಮುಖ ಗೆರೆಗೆರೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಎಡಗಣ್ಣಿನ ನಡುವೆ ಅಕ್ಕಿಯ ನುಚ್ಚಿನಷ್ಟು ಬಿಳಿ ಕಲೆ. ಆ ಏಳು ಜನರಿಗಿದೆ ಎಂದು ಡಾಕ್ಟರಮ್ಮ ಹೇಳಿದಂಥದ್ದೇ.

"ನಿಂಗೆ ಇದು ಸಾಣೆಯಿಂದ ಬಂತು ಅಂದ್ಕೊಂಡಿದ್ದೆ ಕಣೋ" ಎಂದಳು.

ಅವನ ಸಿಟ್ಟು ಅಲ್ಲೇ ನಿಂತಿತು. "ಬಿಡಮ್ಮ ಈಗ" ಎಂದು ಮುಖ ತಿರುಗಿಸಿಕೊಂಡ. ಅದು ತನ್ನ ನಾಲಿಗೆಯ ಕೆಲಸವೆಂದು ಅವನಿಗೂ ಗೊತ್ತಿತ್ತು ಎಂಬುದು ಆಗಲೇ ಅವಳಿಗೆ ತಿಳಿದದ್ದು.

ವಾರ ಕಳೆದಿರಲಿಲ್ಲ. ಊಟದ ಹೊತ್ತಿಗೆ ಬೆಸುಗೆಯವನು ಒಂದು ಕಣ್ಣು ಮುಚ್ಚಿಕೊಂಡು ಬಾಗಿಲಲ್ಲಿ ನಿಂತ. ಚೆನ್ನಾಗಿದ್ದ ಕಣ್ಣು.

"ಅಜ್ಜಿ, ಒಂದೇ ಒಂದು ಸಲ. ಯಾರಿಗೂ ಹೇಳಲ್ಲ."

"ಅದೇ ತಪ್ಪಾಗಿರೋದು. ಉಜ್ಜಬೇಡ, ಕೂತ್ಕೋ." ಸೊಸೆ ಕಾಯಿಸಿ ಆರಿಸಿದ ನೀರು ತಂದಳು. ಕಣ್ಣಿಗೆ ಧಾರೆಯಾಗಿ ಹಾಯಿಸಿದರು. ಚೂರು ಕದಲಲಿಲ್ಲ. "ಕಚ್ಚಿಕೊಂಡಿದೆ. ಆಸ್ಪತ್ರೆಗೆ ನಡಿ, ನಾನೂ ಬರ್ತೀನಿ."

"ಅರ್ಧ ದಿನದ ಕೆಲಸ ಹೋಗುತ್ತೆ! ಎರಡು ನಿಮಿಷದ ಕೆಲಸಕ್ಕೆ ಆಸ್ಪತ್ರೆಯಂತೆ. ಆಪರೇಷನ್ ಆದ ಮೇಲೆ ನಿಮಗೂ ದೊಡ್ಡೋರ ಗತ್ತು ಬಂತು. ನಿಮ್ಮ ತಂಗಿ ಇದಾರೆ ಬಿಡಿ" ಎಂದು ಬಿರಬಿರನೆ ಹೊರಟೇಹೋದ.

ಅಜ್ಜಿ ಕಪ್ಪು ಕನ್ನಡಕ ಏರಿಸಿ, ಚಪ್ಪಲಿ ಮೆಟ್ಟಿ, ಸೊಸೆ ಕೂಗುತ್ತಿದ್ದರೂ ನಿಲ್ಲದೆ ಹಿಂದಿನ ಓಣಿಗೆ ನಡೆದಳು.

ತಂಗಿಯ ಮನೆಯ ಬಾಗಿಲು ತೆರೆದೇ ಇತ್ತು. ಬೆಸುಗೆಯವನ ತಲೆ ಆಗಲೇ ಅವಳ ಮಡಿಲಲ್ಲಿ. ತಂಗಿ ಕೆನ್ನೆ ಉಬ್ಬಿಸಿಕೊಂಡು ಬಾಯಿ ಮುಕ್ಕಳಿಸುತ್ತಿದ್ದಳು. ಅಜ್ಜಿ ನೆಟ್ಟಗೆ ಒಳಗೆ ಹೋಗಿ ನೆಲಕ್ಕೆ ಕೂತು, ಅವನ ಕಣ್ಣಿಗೆ ತಗುಲದಂತೆ ತನ್ನ ಅಂಗೈಯನ್ನು ಮೇಲೆ ಚಾವಣಿಯ ಹಾಗೆ ಹಿಡಿದಳು.

"ಈ ಕೈ ಎತ್ತಲ್ಲ ನಾನು. ನೆಕ್ಕೋದಾದ್ರೆ ನನ್ನ ಕೈ ನೆಕ್ಕು."

ತಂಗಿ ಉಬ್ಬಿದ ಕೆನ್ನೆಯಲ್ಲೇ "ಊಂ ಊಂ" ಎಂದು ಏನೋ ಜಗಳ ತೆಗೆದಳು.

"ನೀನೇ ಕಲಿಸಿದ್ದು ಅಂತ ತಾನೇ? ಹೌದು ಕಣೇ. ನಾನೇ ಕಲಿಸಿದ್ದು. ಅದಕ್ಕೇ ಬೇರೆ ಯಾರನ್ನೂ ಕಳಿಸದೆ ನಾನೇ ಬಂದೆ. ಇವನಿಗೆ ಉಳಿದಿರೋದು ಇದೊಂದು ಕಣ್ಣು. ಇನ್ನೊಂದು ನಾನು ತಿಂದಾಗಿದೆ."

ಮಡಿಲಲ್ಲಿದ್ದವನು ಅಲುಗಾಡಲಿಲ್ಲ. ಕೈಯ ನೆರಳಿನಲ್ಲಿ ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ತಂಗಿ ಅಕ್ಕನ ಕನ್ನಡಕವನ್ನೂ ಆ ಅಂಗೈಯನ್ನೂ ನೋಡಿದಳು. ಆ ಕೈ ಕದಲಲಿಲ್ಲ. ಅವಳು ಅವನ ತಲೆಯನ್ನು ಮೆತ್ತಗೆ ನೆಲಕ್ಕೆ ಇಳಿಸಿ, ಎದ್ದು ಹೋಗಿ, ಬಾಯಲ್ಲಿದ್ದ ನೀರನ್ನು ಚರಂಡಿಗೆ ಉಗುಳಿದಳು. ಬಾಯಿ ಒರೆಸಿಕೊಳ್ಳುತ್ತ ಅಲ್ಲಿಂದಲೇ ಕೇಳಿದಳು.

"ಆಸ್ಪತ್ರೆಗೆ ಎಷ್ಟೊತ್ತಿಗೆ ಬಸ್ಸು?"