ಉಪ್ಪು ಬಿಟ್ಟವನ ಸಸಿಗಳು

ಹನಿ ಊದಿಕೊಳ್ಳುತ್ತಿದೆ, ಡಬ್ಬಿಯ ತಳದ ತೂತಿನಲ್ಲಿ, ಚಹಾ ಬಣ್ಣದ್ದು, ಈಗ ಬೀಳುತ್ತದೆ ಅಂದುಕೊಂಡರೆ ಬೀಳದು, ನನ್ನ ಹಾಗೆಯೇ ನಿಧಾನ — ಬಿತ್ತು, ಅದರ ಹಿಂದೆಯೇ ಮತ್ತೊಂದು, ಹಾಲುಪುಡಿಯ ಹಳೇ ಡಬ್ಬಿಗಳು ಜಗಲಿಯ ಅಂಚಿನಲ್ಲಿ ಸಾಲಾಗಿ ಕೂತಿವೆ, ಒಂದೊಂದರಲ್ಲಿ ಒಂದು ಭಂಗಿ ಸಸಿ, ಬೆರಳುದ್ದ, ಎಲೆಯ ಅಂಚು ಸುಟ್ಟ ಕಾಗದದಂತೆ ಕಂದು, ನಿನ್ನೆ ತುದಿ ಮಾತ್ರ ಇತ್ತು, ಇವತ್ತು ಗರಗಸದ ಹಲ್ಲುಹಲ್ಲಿಗೂ ಹಬ್ಬಿದೆ, ಇವು ಹೋದರೆ ಬೇರೆ ಬೀಜವಿಲ್ಲ, ಐವರಿನ್ ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಮುಚ್ಚಿಟ್ಟು ಹೋದ ಬೀಜ, ನನ್ನ ಹೆಂಡತಿ, ಬುರುಡೆ ಅಲ್ಲಾಡಿಸಿ ಕಿವಿಗೆ ಹಿಡಿದು ನಗುತ್ತಿದ್ದಳು, ಓಬದ್ಯ, ಕೇಳು, ಒಳಗೆ ಮಳೆ ಬರ್ತಾ ಇದೆ, ಈಗ ಅಲ್ಲಾಡಿಸಿದರೆ ಬರೀ ಬೂದಿ, ಸದ್ದಿಲ್ಲ, ಗುಡ್ಡದ ತುಂಬ ಹೊರಗಿನಿಂದ ಬಂದ ಗಿಡ್ಡ ತಳಿ, ಬೇಗ ಬೆಳೆಯುತ್ತದೆ ಬೇಗ ಮಾರುತ್ತಾರೆ, ತಪ್ಪೇನಿಲ್ಲ, ಆದರೆ ನಮ್ಮ ಸೊಪ್ಪು ಎತ್ತರದ್ದು, ನಿಧಾನದ್ದು, ಕೈಯಲ್ಲಿ ಉಜ್ಜಿದರೆ ಕಿತ್ತಳೆ ಸಿಪ್ಪೆ ಸುಲಿದ ವಾಸನೆ, ಐವರಿನ್ ಕುತ್ತಿಗೆಯ ಹತ್ತಿರವೂ ಅದೇ ವಾಸನೆ ಇತ್ತು, ಯಾವುದು ಯಾವುದಕ್ಕೆ ಹತ್ತಿತೋ ನಾನು ಕೇಳಲಿಲ್ಲ, ವಾಸನೆಗೆ ಯಾರು ಲೆಕ್ಕ ಕೇಳುತ್ತಾರೆ.

ಕೆಂಪು ಮಣ್ಣಿಗೇ ಹಾಕಬಹುದಿತ್ತು, ಯಾವಾಗಲೂ ಹಾಕಿದ್ದು ಅದಕ್ಕೇ, ಆದರೆ ಈ ಗುಡ್ಡದ ಮಣ್ಣು ಮಳೆಗೆ ಅಂಟು, ಬಿಸಿಲಿಗೆ ಇಟ್ಟಿಗೆ, ಹತ್ತು ಬೀಜ ಹಾಕಿದರೆ ನಾಲ್ಕು ಮೇಲೆ ಬಂದರೆ ಪುಣ್ಯ, ಇಷ್ಟೇ ಬೀಜ ಉಳಿದಿರುವಾಗ ಜೂಜು ಯಾಕೆ ಅನಿಸಿತು, ಆಗ ಕೆಳಗಿನ ಕಣಿವೆಯಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿ ತೋಟದಲ್ಲಿ ನೋಡಿದ್ದೆ, ಸಸಿಗಳೆಲ್ಲ ತೆಂಗಿನ ನಾರಿನ ಪುಡಿಯಲ್ಲಿ, ಬೇರು ಬಿಳೀ ದಾರದ ಹಾಗೆ ಹರಡಿಕೊಂಡು, ಚೆಂದ, ನನಗೂ ಖುಷಿಯಾಯಿತು, ತೆಂಗು ಅಂದರೆ ಇನ್ನೇನು, ಆಕಾಶಕ್ಕೆ ಹತ್ತಿ ಕೂತ ಕಾಯಿ, ರಾಸ್ತಾ ಪಂಥದ ಮನುಷ್ಯನಿಗೆ ಇದಕ್ಕಿಂತ ಶುದ್ಧ ಯಾವುದಿದೆ, ಚೀಲದ ನೀಲಿ ಗೊಬ್ಬರ ಬೇಡ, ಬಾಟಲಿ ಔಷಧಿ ಬೇಡ, ಮೀನುಗಾರರ ದಂಡೆಯಲ್ಲಿ ಎಳನೀರು ಕೊಚ್ಚುವವರು ಎಸೆದ ಸಿಪ್ಪೆ ರಾಶಿ ಬಿದ್ದಿತ್ತು, ಅರ್ಧ ಮರಳಲ್ಲಿ, ಅರ್ಧ ಅಲೆಯಲ್ಲಿ, ನೆನೆದು ಮೆತ್ತಗಾಗಿತ್ತು, ದೇವರೇ ನೆನೆಸಿಟ್ಟಿದ್ದಾನೆ ಅಂದುಕೊಂಡು ಆರಿಸಿ ತುಂಬಿದೆ, ಬಸ್ಸಿನ ಮೇಲೆ ಹಾಕಿಸಿದೆ, ಮನೆಗೆ ತಂದು ಒಣಗಿಸಿ ಬಡಿದೆ, ಜರಡಿ ಹಿಡಿದೆ, ಹಾಡಿಕೊಂಡೇ ಮಾಡಿದೆ — ಅಲೆಯಲ್ಲಿ, ಅರ್ಧ ಅಲೆಯಲ್ಲಿ, ನೋಡು, ಈ ಮಾತು ತಲೆಗೆ ಹೊಳೆದದ್ದು ಇವತ್ತು ಬೆಳಿಗ್ಗೆ, ಡಬ್ಬಿಯ ಹೊರಗೆ ಹನಿ ಒಣಗಿದ ಕಡೆ ಬಿಳೀ ಗೆರೆ ಕಂಡಾಗ, ಅದು ಹಾಲುಪುಡಿಯ ಕಲೆಯೋ, ಇಲ್ಲ —

ಹಸಿವು ಕಣಯ್ಯ ಅದು, ನೆರೆಮನೆಯ ಲಿನ್ವಲ್ ಹೇಳಿದ, ಬೇಲಿಯ ಆಚೆಯಿಂದ, ಗವಿಯಿಂದ ಬಾವಲಿ ಗೊಬ್ಬರ ಹೊತ್ತು ತರುವವನು, ಮೈಯೆಲ್ಲ ಅದೇ ಘಾಟು, ನಾರಲ್ಲಿ ಏನಿದೆ ತಿನ್ನೋಕೆ, ಹಾಸಿಗೆ ಕೊಟ್ಟೆ, ಊಟ ಕೊಡ್ಲಿಲ್ಲ, ಒಂದೊಂದು ಹಿಡಿ ಬಾವಲಿ ಗೊಬ್ಬರ ಹಾಕು, ಭಾನುವಾರದೊಳಗೆ ಕುಣೀತಾವೆ, ನನ್ನ ಅಕ್ಕ ಡೆಲ್ಸೀಟಾ ಒಳಗಿಂದಲೇ ಅಂದಳು, ನಿನ್ನ ಹೆಂಡತಿಗೆ ತಲೆನೋವು ಬಂದ್ರೂ ಬಾವಲಿ ಗೊಬ್ಬರ ಅಂತೀಯಲ್ಲೋ ಲಿನ್ವಲ್, ಅವನು ಅಂದ, ಹಾಕಿ ನೋಡಿದೀನಿ ಮಿಸ್ ಡೆಲ್, ನೋವು ಹೋಗ್ಲಿಲ್ಲ, ಕೂದಲು ಮಾತ್ರ ಬೆಳೀತು, ನಾನೂ ನಕ್ಕೆ, ಆದರೆ ಹಸಿವಾಗಿದ್ದರೆ ಲಿನ್ವಲ್ ಹೇಳಿದ್ದು ಸರಿ, ಉಪ್ಪಾಗಿದ್ದರೆ ಬಾವಲಿ ಗೊಬ್ಬರದ ಕಾವು ಸೇರಿ ಸಂಜೆಯೊಳಗೆ ಸಸಿ ಮಲಗುತ್ತದೆ, ಉಪ್ಪೆಂದು ಮಳೆನೀರು ಸುರಿದು ತೊಳೆದ ಮೇಲೆ, ಅದು ಬರೀ ಹಸಿವೇ ಆಗಿದ್ದರೆ, ಇಂಥ ಎಳೇ ಬೇರು ಕೊಳೆತೇ ಹೋದೀತು, ಒಂದೇ ದಾರಿ, ಹನಿಯ ರುಚಿ ನೋಡಬೇಕು, ನೋಡುವವರಾರು, ಲಿನ್ವಲನ ನಾಲಿಗೆ ರಮ್ ಕುಡಿದು ಕುಡಿದು ಸುಟ್ಟು ಎಷ್ಟೋ ಕಾಲವಾಯಿತು, ನಾನೋ, ರಾಸ್ತಾ ವ್ರತ ಹಿಡಿದು ಜಡೆ ಬಿಟ್ಟಂದೇ ಉಪ್ಪು ಬಿಟ್ಟವನು, ಆಗ ಗಡ್ಡವೂ ಸರಿಯಾಗಿ ಬಂದಿರಲಿಲ್ಲ, ಈಗ ಗಡ್ಡ ಬೆಳ್ಳಗಾಗಿದೆ, ಅಮ್ಮ ಅವತ್ತಿಂದ ಎರಡು ಮಡಕೆ ಇಟ್ಟಳು, ಒಂದು ಮನೆಗೆ, ಒಂದು ಈ ಪ್ರವಾದಿಗೆ ಅನ್ನುತ್ತಿದ್ದಳು, ಬಡಿಸುವಾಗ ಸೌಟು ಮಾತ್ರ ಅದಲುಬದಲು ಆಗದ ಹಾಗೆ ನೋಡಿಕೊಂಡಳು, ಸಾಯುವ ತನಕ.

ಅಕ್ಕನನ್ನೇ ಕರೆದೆ, ಅವಳು ಚರ್ಚಿನವಳು, ಎಲ್ಲ ತಿನ್ನುತ್ತಾಳೆ, ಕೈಯಲ್ಲಿ ತಟ್ಟೆ ಹಿಡಿದೇ ಬಂದಳು, ಬೆರಳೊಡ್ಡಿದಳು, ಹನಿ ಬಿತ್ತು, ಚಪ್ಪರಿಸಿದಳು, ಏನೂ ಇಲ್ವಲ್ಲೋ, ಸಪ್ಪೆ, ನಿನ್ನ ಅಡುಗೆ ತರಾನೇ ಇದೆ, ಲಿನ್ವಲ್ ಬೇಲಿ ಹಿಡಿದುಕೊಂಡು ನಕ್ಕ, ಆಯ್ತಲ್ಲ, ಚೀಲ ಬಿಚ್ಚಲಾ, ನಾನೂ ತಲೆಯಾಡಿಸುವವನಿದ್ದೆ, ಅಷ್ಟರಲ್ಲಿ ಅವಳ ತಟ್ಟೆ ನೋಡಿದೆ, ಬೇಯಿಸಿದ ಹಳದಿ ಆಕಿ ಹಣ್ಣು, ಸುಟ್ಟ ದೀವಿಹಲಸು, ಉಪ್ಪುಮೀನು, ಉಪ್ಪುಮೀನು ತಿಂದ ನಾಲಿಗೆಗೆ ಸಮುದ್ರವೂ ಸಪ್ಪೆಯೇ, ಅಕ್ಕಾ ಬಾಯಿ ಮುಕ್ಕಳಿಸಿ ಇನ್ನೊಂದು ಸಲ ನೋಡೇ ಅಂದೆ, ಅವಳು ಅಂದಳು, ಎಪ್ಪತ್ತು ವರ್ಷದ ಉಪ್ಪುಮೀನು ಒಂದು ಲೋಟ ನೀರಿಗೆ ಹೋಗತ್ತೇನೋ, ನೀನೇ ನೋಡು, ಹನಿಗೆಲ್ಲ ದೇವರು ಸಿಟ್ಟಾಗಲ್ಲ, ಈ ಗುಡ್ಡದಲ್ಲಿ ಉಪ್ಪು ಅಂದ್ರೆ ಬೆಚ್ಚಿ ಬೀಳೋ ನಾಲಿಗೆ ನಿಂದೊಂದೇ, ಲಿನ್ವಲ್ ಟೋಪಿ ತೆಗೆದ, ಹಾಗೆ ಮಾಡಬೇಕೆಂದು ಅವನಿಗೆ ಯಾಕೆ ಅನಿಸಿತೋ, ಹನಿ ಊದಿಕೊಳ್ಳುತ್ತಿತ್ತು, ಐವರಿನ್ ಇದ್ದಿದ್ದರೆ ಏನನ್ನುತ್ತಿದ್ದಳು, ಅವಳೂ ಉಪ್ಪು ಬಿಟ್ಟವಳು, ಸಸಿಗೆ ನಾಲಿಗೆ ಇಲ್ಲ ಓಬದ್ಯ, ನಿನಗಿದೆ, ಅನ್ನುತ್ತಿದ್ದಳು, ಇಷ್ಟು ವರ್ಷ ನನ್ನ ಬಾಯಿಗೆ ಬಿಡದ್ದನ್ನು ಅವಳ ಈ ಸಸಿಮಕ್ಕಳ ಬಾಯಿಗೆ ನಾನೇ ಹಾಕಿದ್ದೇನೋ ಇಲ್ಲವೋ, ಬೆರಳೊಡ್ಡಿದೆ, ಬಿತ್ತು, ತಣ್ಣಗೆ, ನಾಲಿಗೆಗೆ ಇಟ್ಟೆ — ಉಪ್ಪು, ಅಂಥಿಂಥ ಉಪ್ಪಲ್ಲ, ಬಾಯಿಯ ಮೂಲೆಮೂಲೆ ಎದ್ದು ಕೂತಿತು, ದವಡೆ ಹಿಡಿದುಕೊಂಡಿತು, ಕಣ್ಣಲ್ಲಿ ನೀರು, ಅದೂ ಉಪ್ಪು, ಎಲ್ಲಿಂದಲೋ ಅಮ್ಮನ ಒಲೆ, ತೆಂಗಿನ ಹಾಲಲ್ಲಿ ಉಪ್ಪು ಬಂಗುಡೆ ಕುದಿಯುತ್ತಿದೆ, ಎಣ್ಣೆ ಬಿಟ್ಟು ಗಟ್ಟಿಯಾಗುತ್ತಿದೆ, ನಾನು ಚಡ್ಡಿ ಹಾಕಿಕೊಂಡು ಸೌಟು ನೆಕ್ಕುತ್ತಿದ್ದೇನೆ, ಸಾಕು ಬಿಡೋ, ಅಪ್ಪನಿಗೂ ಬೇಕು, ಅನ್ನುತ್ತಿದ್ದಾಳೆ, ಅಷ್ಟು ಹತ್ತಿರ, ಬಟ್ಟೆಯ ಹೊಗೆವಾಸನೆ ಸಮೇತ, ಹೇಗಿದೆಯೋ, ಅಕ್ಕ ಕೇಳುತ್ತಿದ್ದಾಳೆ, ನಾನು ಹೇಳಿದೆ, ನಿನ್ನ ಅಡುಗೆ ತರಾನೇ ಇದೆ.

ಅವಳು ನಕ್ಕ ನಗುವಿಗೆ ಕೋಳಿಗಳು ಜಗಲಿಯಿಂದ ಇಳಿದು ಓಡಿದವು, ಲಿನ್ವಲ್ ಚೀಲದ ಬಾಯಿ ಮತ್ತೆ ಕಟ್ಟಿದ, ಇಲ್ಲೇ ಬಿಟ್ಟೋಗ್ತೀನಿ, ತೊಳೆದು ಚೇತರಿಸ್ಕೊಳ್ಳಲಿ, ಆಮೇಲೆ ಚಿಟಿಕೆ ಚಿಟಿಕೆ ಹಾಕು ಅಂದ, ಅದು ಸರಿಯಾದ ಮಾತು, ಒಳ್ಳೆಯ ಮಾತು, ಪೀಪಾಯಿಯ ಮಳೆನೀರು ತಂದೆವು, ಡಬ್ಬಿ ಡಬ್ಬಿಗೆ ನಿಧಾನ ಸುರಿದೆವು, ತಳದಿಂದ ಚಹಾ ಬಣ್ಣ ಹರಿಯಿತು, ಆಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಬಣ್ಣವೇ ಇಲ್ಲ, ಸಸಿಯ ನಡುವಿನ ಕುಡಿ ಇನ್ನೂ ಹಸಿರು, ಅಲ್ಲಿಗೆ ಬೆಂಕಿ ಮುಟ್ಟಿಲ್ಲ, ಬದುಕುತ್ತವೆ, ಕೊನೆಯದಾಗಿ ಒಮ್ಮೆ ನೋಡ್ಬಿಡು ಪ್ರವಾದಿ ಅನ್ನುತ್ತಾಳೆ ಅಕ್ಕ, ಹೌದು, ನೋಡಲೇಬೇಕು, ನೀರು ನಿಂತಿದೆ, ತೂತಿನಲ್ಲಿ ಹನಿ ಕೂಡುತ್ತಿದೆ, ತಿಳಿಯಾಗಿ, ಒಳಗೆ ತಲೆಕೆಳಗಾದ ಜಗಲಿ, ತಲೆಕೆಳಗಾದ ಆಕಾಶ, ಬೆರಳು ಕೆಳಗೆ ಹಿಡಿದಿದ್ದೇನೆ, ಸಪ್ಪೆಯಾಗಿರಲಿ, ಸಸಿಗೋಸ್ಕರ ಸಪ್ಪೆಯಾಗಿರಲಿ, ಆದರೂ ಈ ಮುದಿ ನಾಲಿಗೆಗೆ, ಒಂದು ಚೂರು ಉಪ್ಪು, ಅಮ್ಮನ ಸೌಟಿನ ತುದಿಯಷ್ಟು — ಹನಿ ತುಂಬಿದೆ, ನಡುಗುತ್ತಿದೆ, ಬೀಳುತ್ತಿಲ್ಲ, ಹನಿ